ಹತ್ತು ನಿಮಿಷ ಮುಂದಿದ್ದ ಕಾರು

ಮಾರ್ಚ್ ೧೪, ಗುರುವಾರ

ಬೆಳಿಗ್ಗೆ ಕಾರಿನ ಹಳೆಯ ಸ್ಟೀರಿಯೊದಲ್ಲಿ ಗಂಟೆ ಒಂಬತ್ತಾಗಿತ್ತು. ನನ್ನ ಕೈಗಡಿಯಾರದಲ್ಲಿ ಅದಕ್ಕಿನ್ನೂ ಹತ್ತು ನಿಮಿಷ ಬಾಕಿ. ಅಮ್ಮ ತೀರಿಕೊಂಡು ಇಷ್ಟು ತಿಂಗಳಾದರೂ ಅವಳು ಮುಂದಿಟ್ಟ ಸಮಯ ಹಾಗೆಯೇ ಓಡುತ್ತಿತ್ತು. ನಾನು ಕಾಲೇಜಿಗೆ ತಡಮಾಡಬಾರದೆಂದು ಅವಳು ಹೂಡಿದ್ದ ಉಪಾಯ ಅದು. ಗುಟ್ಟು ಗೊತ್ತಿದ್ದರೂ ದಿನವೂ ಓಡಿಬಂದು ಹತ್ತುತ್ತಿದ್ದೆ. "ಬಾರೇ ಆಮೆ, ಗಂಟೆ ನೋಡು!" ಎನ್ನುತ್ತಾ ಅವಳು ಗೇರ್ ಹಾಕುತ್ತಿದ್ದಳು.

ಇವತ್ತು ಅಣ್ಣ ಹೊಸ ಸ್ಟೀರಿಯೊ ಹಾಕಿಸಿದ. "ಈ ಡಬ್ಬ ಹಾಡೋದಕ್ಕಿಂತ ಕೆಮ್ಮೋದೇ ಜಾಸ್ತಿ ಕಣೇ," ಎಂದಾಗ ಬೇಡವೆನ್ನಬೇಕೆಂದುಕೊಂಡೇ ಕಾರಿನ ಕೀಲಿ ಕೊಟ್ಟೆ. ಮೆಕ್ಯಾನಿಕ್ ಬ್ಯಾಟರಿಯ ವೈರ್ ಬಿಚ್ಚಿದ. ಅಮ್ಮನ ಗಡಿಯಾರ ಆರಿಹೋಯಿತು.

"ಟೈಮ್ ನೀವು ಇಡೋದೇ ಬೇಡಮ್ಮ, ಫೋನ್ ನೋಡ್ಕೊಂಡು ಅದೇ ಇಟ್ಕೊಳ್ಳುತ್ತೆ," ಎಂದ ಮೆಕ್ಯಾನಿಕ್. ಪರದೆಯ ಮೇಲೆ ಸರಿಯಾದ ಸಮಯ ಮೂಡಿತು. ನನಗೆ ಅಳು ಬಂತು.

"ಸೌಂಡ್ ಚೆನ್ನಾಗಿಲ್ವೇನೇ?" ಎಂದು ಅಣ್ಣ ಗಾಬರಿಯಾದ. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇದೆ.

ನಾಳೆ ಅಣ್ಣ ಏಳುವ ಮೊದಲು ಕಾರಿಗೆ ಹೋಗುತ್ತೇನೆ. ಅದು ಫೋನ್ ನೋಡಿ ಸಮಯ ಇಟ್ಟುಕೊಳ್ಳುವುದನ್ನು ತಪ್ಪಿಸಿ, ಹತ್ತು ನಿಮಿಷ ಮುಂದಿಡುತ್ತೇನೆ.