ಮುಕ್ತಾಳ ಹಸಿವು

ಹುನಗುಂದ
ಎರಡನೆಯ ಶ್ರಾವಣ, ಗಂಟೆಶಕ ನೂರಾ ಒಂದು

ನಮಗಿಂತ ಮೊದಲು ಬಾಳಿ ಹೋದ ಹಿರಿಯರಿಗೆ ನಾಗಲಾಂಬಿಕೆಯ ಶರಣು.

ಮೇಲಿನ ತಾರೀಖು ನಿಮಗೆ ತಿಳಿಯಲಿಕ್ಕಿಲ್ಲ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಇನ್ನೂರು ದಾಟಿದ ಕಾಲ. ಊರೂರಿಗೆ ಊಟದ ಗಂಟೆ ಕಟ್ಟಿದ ವರ್ಷದಿಂದ ನಾವು ಹೊಸದಾಗಿ ಎಣಿಸಲು ಶುರು ಮಾಡಿದೆವು. ನನ್ನ ಬರಹದಲ್ಲಿ ನಿಮ್ಮ ಕಿವಿಗೆ ಹೊಂದದ ಪದಗಳು ಬಂದರೆ ಮನ್ನಿಸಿ. ಇನ್ನೊಂದಕ್ಕೂ ಈಗಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದಲ್ಲಿ ಎಷ್ಟೋ ಜನ ಹಸಿವಿನಿಂದ ನರಳಿದರೆಂದು ಕೇಳಿದ್ದೇನೆ. ಅಂಥವರ ಎದುರು ಹಸಿವಿನ ಬಗ್ಗೆ ವಿಚಾರಿಸುವುದು ಒರಟುತನ ಎನಿಸಬಹುದು. ಆದರೆ ಕೇಳಲು ನನಗೆ ಬೇರೆ ಯಾರೂ ಇಲ್ಲ.

ನಮಗೆ ಹಸಿವಾಗುವುದಿಲ್ಲ. ಒಲೆ ಆರಿದ ಹಾಗೆ ಎಂಬ ಅರ್ಥದಲ್ಲಿ ಇದನ್ನು ಆರಿಕೆ ಎನ್ನುತ್ತೇವೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಶುರುವಾಯಿತಂತೆ. ನೀರಿನಿಂದ ಬಂತು ಎಂದು ಕೆಲವರು, ಯಾವುದೋ ಜ್ವರ ಬಿಟ್ಟುಹೋದದ್ದು ಎಂದು ಕೆಲವರು. ಕಾರಣ ಇವತ್ತಿಗೂ ಗೊತ್ತಾಗಿಲ್ಲ. ಮೊದಮೊದಲು ಅಡುಗೆಯ ಗೋಜು ತಪ್ಪಿತೆಂದು ಜನ ಸಂತೋಷಪಟ್ಟರಂತೆ. ಆಮೇಲೆ ಉಣ್ಣುವುದನ್ನೇ ಮರೆತು ಕೂತಲ್ಲೇ ಸೊರಗಿದರು. ಆಗ ಗಂಟೆ ಬಂತು, ಗಂಟೆಯ ಹಿಂದೆಯೇ ಊಟಗಿತ್ತಿಯರು ಬಂದರು. ನಾನೊಬ್ಬ ಊಟಗಿತ್ತಿ. ಒಂಟಿಯಾಗಿರುವವರ, ಮೈ ಸೋತವರ ಮನೆಗೆ ಹೋಗಿ, ಎದುರು ಕೂತು ಅವರ ಜೊತೆ ನಾಲ್ಕು ತುತ್ತು ಉಣ್ಣುವುದು ನನ್ನ ಕೆಲಸ. ಎದುರಿಗೊಬ್ಬರು ಅಗಿಯುತ್ತಿದ್ದರೆ, ಅದೂ ಇದೂ ಮಾತಾಡುತ್ತಿದ್ದರೆ, ಮನುಷ್ಯನ ಕೈ ತಾನಾಗಿ ತಟ್ಟೆಗೆ ಹೋಗುತ್ತದೆ.

ಬೆಳಗಿನ ಗಂಟೆಗೆ ಮುಂಚೆ ಓಣಿಯವರನ್ನೆಲ್ಲ ಎಬ್ಬಿಸಿ ಕೆರೆಯ ಏರಿಯ ತನಕ ನಡೆಸಿಕೊಂಡು ಬರುತ್ತೇನೆ. ನಡೆದು ಬಂದ ಮೈ ಊಟಕ್ಕೆ ಅಷ್ಟಾಗಿ ಮೊಂಡು ಹಿಡಿಯುವುದಿಲ್ಲ. ಬಂದವರಿಗೆ ಹಸಿ ಶುಂಠಿಯ ತೆಳುವಾದ ಹೋಳು, ಅದರ ಮೇಲೆ ಚೂರು ಉಪ್ಪು ಮತ್ತು ಲಿಂಬೆರಸ. ಮಧ್ಯಾಹ್ನ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಅಗಸೆಯ ಚಟ್ನಿ, ಕೊನೆಗೆ ಇಂಗು ಕರಿಬೇವು ಒಗ್ಗರಣೆ ಹಾಕಿದ ನೀರುಮಜ್ಜಿಗೆ. ಹೊಟ್ಟೆ ಉಬ್ಬರಿಸಿದೆ ಎಂದವರ ಅಂಗೈಗೆ ಹುರಿದ ಅಜವಾನ. ಕತ್ತಲಾಗುವ ಮೊದಲೇ ಜೋಳದ ನುಚ್ಚು, ತಿಳಿಸಾರು. ನೆಲದ ಮೇಲೆ ಕೂತೇ ಉಣ್ಣಬೇಕು, ಉಂಡ ಕೂಡಲೇ ಮಲಗಬಾರದು, ಹಗಲು ನಿದ್ದೆ ಬೇಡ, ರಾತ್ರಿ ತಡಮಾಡುವುದು ಬೇಡ. ಇವುಗಳಲ್ಲಿ ಯಾವುದೂ ಹಸಿವನ್ನು ತರುವುದಿಲ್ಲ. ದೇಹವನ್ನು ಹೇಗೋ ನಿಲ್ಲಿಸಿಕೊಂಡು ಹೋಗುತ್ತವೆ, ಅಷ್ಟೇ. ನಮ್ಮ ಓಣಿಯಲ್ಲಿ ತೊಂಬತ್ತು ದಾಟಿಯೂ ಕೋಲಿಲ್ಲದೆ ನಡೆಯುವವರಿದ್ದಾರೆ, ಸಕ್ಕರೆ ಕಾಯಿಲೆ ಅಪರೂಪ. ನಿಮಗೆ ಇದು ಭಾಗ್ಯವೆನಿಸಬಹುದು. ನನಗಾದರೋ ದವಡೆ ಸೋತಿದೆ. ಬೇಡದ ಬಾಯಿಗೆ ಉಣಿಸುತ್ತ, ಬೇಡದ ಬಾಯಿಂದ ಉಣ್ಣುತ್ತ ಒಂದು ಆಯುಷ್ಯ ಕಳೆದಿದ್ದೇನೆ. ಹಬ್ಬದ ಹೋಳಿಗೆಯನ್ನೂ ನಾವು ಗುಳಿಗೆಯ ಹಾಗೆ ನುಂಗುತ್ತೇವೆ.

ಈಗ ನನ್ನ ಮಗಳ ವಿಷಯ ಹೇಳುತ್ತೇನೆ. ಸುಗಲಾ ನನಗೆ ಒಬ್ಬಳೇ ಮಗಳು. ಅವಳ ಗಂಡ ಶರಭಯ್ಯ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ಐದು ವರ್ಷದ ಹಿಂದೆ ಸುಗಲಾ ಹೆರಿಗೆಗೆ ನನ್ನ ಮನೆಗೆ ಬಂದಳು. ಹೆರಿಗೆ ಸುಸೂತ್ರವಾಗಿ ಆಯಿತು, ಹೆಣ್ಣುಕೂಸು. ಮುಕ್ತಾ ಎಂದು ಕರೆದೆವು. ಕೆಲವು ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಸುಗಲಾ ಉಣ್ಣುವುದನ್ನು ಬಿಟ್ಟಳು. ಹಟದಿಂದಲ್ಲ, ಸಿಟ್ಟಿನಿಂದಲ್ಲ. ತುತ್ತು ಬಾಯಿಗೆ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು, ಹೊರಗೆ ಬರುತ್ತಿತ್ತು. ಬಾಣಂತಿಗೆಂದು ಅಂಟಿನ ಉಂಡೆ ಕಟ್ಟಿದೆ, ಅಳವಿಯ ಪಾಯಸ ಕಾಯಿಸಿದೆ, ಸಬ್ಬಸಿಗೆ ಸೊಪ್ಪಿಗೆ ಬೆಳ್ಳುಳ್ಳಿ ಸುರಿದು ಪಲ್ಯ ಮಾಡಿದೆ. ಎದುರು ಕೂತು ತಿಂದು ತೋರಿಸಿದೆ. ಶರಭಯ್ಯ ರಜೆ ಹಾಕಿ ಬಂದು ನನಗಿಂತ ಹೆಚ್ಚು ತಿಂದು ತೋರಿಸಿದ. ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಕ್ಕಿ, ಮುಖ ತೊಳೆದು, ಮತ್ತೆ ಬಂದು ಅವಳ ಎದುರು ಕೂತ.

"ಒಂದು ತುತ್ತು ತಗೋ ನನ್ನವ್ವ" ಎಂದೆ.

"ಬ್ಯಾಡ ಬೇ" ಎಂದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ನೀ ಉಣ್ಣು ಅಂತಿ, ಗಂಟಿ ಉಣ್ಣು ಅಂತೈತಿ, ಡಾಕ್ಟರ್ ಉಣ್ಣು ಅಂತಾರ. ನನ್ನ ಹೊಟ್ಟಿ ಮಾತ್ರ ಹುಟ್ಟಿದಾಗಿಂದ ಏನೂ ಅಂದಿಲ್ಲ. ನನಗ ಸಾಕಾಗೇತಿ."

ಇಡೀ ಓಣಿಗೆ ಉಣಿಸಿದವಳು ನಾನು. ಅವಳು ಹೇಳಿದ್ದು ನನಗೂ ನಿಜವಾಗಿತ್ತು.

ಊರ ಆಸ್ಪತ್ರೆಯ ಡಾಕ್ಟರು ಅಫ್ರೋಜಾ ಮನೆಗೇ ಬಂದು ನೋಡಿದರು. ನಾಡಿ ಹಿಡಿದು, ಕಣ್ಣಿನ ರೆಪ್ಪೆ ಬಿಡಿಸಿ, ನನ್ನನ್ನು ಹೊರಗೆ ಕರೆದರು. "ನಾಗಲವ್ವಾರ, ಇದು ನಿಮ್ಮ ಶುಂಠಿ ಅಜವಾನದಿಂದ ಆಗೂ ಕೆಲಸ ಅಲ್ಲ. ಸಲಾಯಿನ್ ಹಚ್ಚತೀನಿ. ನಾಳೆ ತನಕ ನೋಡೂಣು. ಆಗಲಿಲ್ಲಂದ್ರ ದವಾಖಾನಿಗೆ ಒಯ್ದು ಮೂಗಿನಾಗ ನಳಿಗಿ ಹಾಕೂದ."

ಕೂಸಿಗೆ ಹಾಲು ಕಡಿಮೆಯಾಗುತ್ತ ಬಂದಿತ್ತು. ಒಂದು ಮಾತು ಇಲ್ಲಿ ಹೇಳಬೇಕು: ನಮ್ಮ ಕೂಸುಗಳು ಹಾಲಿಗೆ ಅಳುವುದಿಲ್ಲ. ಹೊತ್ತಿಗೆ ಸರಿಯಾಗಿ ಎದೆಗೆ ಹಚ್ಚಿದರೆ ಕುಡಿಯುತ್ತವೆ, ಹಚ್ಚದಿದ್ದರೆ ಸುಮ್ಮನೆ ಬಿದ್ದಿರುತ್ತವೆ. ಚಳಿಯಾದರೆ ಅಳುತ್ತವೆ, ಇರುವೆ ಕಚ್ಚಿದರೆ ಅಳುತ್ತವೆ. ಮರುದಿನ ಮಧ್ಯಾಹ್ನ, ಹಾಲಿನ ಹೊತ್ತಲ್ಲದ ಹೊತ್ತಿನಲ್ಲಿ, ಮುಕ್ತಾ ಅಳತೊಡಗಿದಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ನೋವಿನ ಅಳುವಿನಂತೆ ಒಮ್ಮೆಲೇ ಏರಿ ಇಳಿಯುವುದಲ್ಲ. ನಿಲ್ಲುತ್ತಿತ್ತು, ಯಾರಾದರೂ ಬರುತ್ತಾರೋ ಎಂದು ನೋಡುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಬಟ್ಟೆ ಬಿಚ್ಚಿ ಇರುವೆ ಹುಡುಕಿದೆ. ಕಿವಿ ಒತ್ತಿ ನೋಡಿದೆ. ಹಣೆ ತಣ್ಣಗಿತ್ತು. ಶರಭಯ್ಯ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದ. ಕೂಸು ಅವನ ಅಂಗಿಯ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪಿತು, ಏನೂ ಸಿಗದೆ ಇನ್ನೂ ಜೋರಾಗಿ ಅತ್ತಿತು.

"ಇತ್ತ ಕೊಡ್ರಿ" ಎಂದಳು ಸುಗಲಾ. ಗೋಡೆಯಿಂದ ಈ ಕಡೆ ತಿರುಗಿದ್ದಳು. ಕೂಸನ್ನು ಎದೆಗೆ ಒತ್ತಿಕೊಂಡಳು, ಸುಮ್ಮನಾಗಲಿ ಎಂದಷ್ಟೇ. ಕೂಸು ಎರಡೂ ಕೈಯಿಂದ ಹಿಡಿದು ಕುಡಿಯತೊಡಗಿತು. ಹಾಲು ಬಹಳ ಇರಲಿಲ್ಲ. ಮುಗಿದಾಗ ಕೂಸು ಬಾಯಿ ಬಿಟ್ಟು, ತಾಯಿಯ ಮುಖ ನೋಡಿ, ಮತ್ತೆ ಅತ್ತಿತು.

ಸುಗಲಾ ಬಹಳ ಹೊತ್ತು ಆ ಮುಖವನ್ನೇ ನೋಡಿದಳು. "ಬೇ, ಇದು ಕೇಳಾಕತ್ತೈತಿ" ಎಂದಳು.

"ಏನ ಕೇಳತೈತಿ?" ಎಂದ ಶರಭಯ್ಯ.

"ಇನ್ನಷ್ಟು ಬೇಕಂತ ಕೇಳಾಕತ್ತೈತಿ ರೀ. ಯಾರೂ ಹೇಳಿಕೊಟ್ಟಿಲ್ಲ ಅದಕ್ಕ. ತಾನ ಕೇಳಾಕತ್ತೈತಿ." ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ತಿನ್ನಾಕ ಏನೈತಿ, ತಾ."

ಅಳವಿಯ ಪಾಯಸ ಇತ್ತು, ತಣ್ಣಗಾಗಿ ಕೆನೆಗಟ್ಟಿತ್ತು. ಬಿಸಿ ಮಾಡುವ ತನಕ ಅವಳು ಕಾಯಲಿಲ್ಲ. ಅವಳಿಗೆ ರುಚಿಸಿತು ಎಂದು ಹೇಳಲಾರೆ. ಒಂದೊಂದು ಚಮಚಕ್ಕೂ ಕಣ್ಣು ಮುಚ್ಚಿ, ಕತ್ತು ಚಾಚಿ ನುಂಗುತ್ತಿದ್ದಳು. ನಡುವೆ ಒಮ್ಮೆ ಓಕರಿಸಿದಳು, ಬಾಯಿ ಒರೆಸಿಕೊಂಡು ಮತ್ತೆ ಚಮಚ ಎತ್ತಿದಳು. ಆ ಹೊತ್ತಿಗೆ ನೋಡಲು ಬಂದ ಡಾಕ್ಟರು ಕೂಸಿಗೆ ಆಸ್ಪತ್ರೆಯಿಂದ ಹಾಲು ತರಿಸಿ ಕುಡಿಸಿದರು. ಸಲಾಯಿನ್ ಇನ್ನೂ ಕೆಲವು ದಿನ ಮುಂದುವರಿಯಿತು. ಸುಗಲಾಳ ಹಾಲು ನಿಧಾನವಾಗಿ ತಿರುಗಿ ಬಂತು, ಅವಳು ಉಳಿದುಕೊಂಡಳು. ಅವಳಿಗೆ ಹಸಿವು ಬರಲಿಲ್ಲ. ಮಗಳ ಹಸಿವಿಗೆ ಅವಳು ಉಂಡಳು, ಇಂದಿಗೂ ಹಾಗೆಯೇ ಉಣ್ಣುತ್ತಾಳೆ.

ಸುದ್ದಿ ಹರಡಿ, ಕೂಸಿನ ಅಳು ಕೇಳಲು ಊರಿನ ಮುದುಕರು ಬಾಗಿಲಿಗೆ ಬಂದು ನಿಂತರು. ದೂರದ ಊರುಗಳಿಂದ ಡಾಕ್ಟರುಗಳು ಬಂದರು. ಇನ್ನು ಎಲ್ಲ ಕೂಸುಗಳೂ ಹೀಗೆಯೇ ಹುಟ್ಟುತ್ತವೆ ಎಂದು ನಾವು ಕಾದೆವು. ನಮ್ಮ ಸುತ್ತಮುತ್ತ ಇನ್ನೊಂದು ಕೂಸೂ ಹಾಗೆ ಅಳಲಿಲ್ಲ. ಕಾದು ಕಾದು ಜನ ಬರುವುದನ್ನು ಬಿಟ್ಟರು.

ಮುಕ್ತಾಳಿಗೆ ಈಗ ಐದು ವರ್ಷ. ಹೊತ್ತಲ್ಲದ ಹೊತ್ತಿನಲ್ಲಿ ರೊಟ್ಟಿಯ ಬುಟ್ಟಿಗೆ ಕೈ ಹಾಕುತ್ತಾಳೆ, ಶೇಂಗಾ ಬೆಲ್ಲ ಬಾಯಿಗೆ ಹಾಕಿಕೊಂಡು ಕಣ್ಣರಳಿಸುತ್ತಾಳೆ. ಬೇರೆ ಮಕ್ಕಳು ಅವಳನ್ನು ವಿಚಿತ್ರವಾಗಿ ನೋಡುತ್ತಾರೆ. ಮೊನ್ನೆ ಶಾಲೆಯಿಂದ ಬಂದವಳು ಚೀಲ ಇಳಿಸದೆ ನನ್ನ ಪಕ್ಕ ಕೂತಳು.

"ಆಯಿ, ಹೊಟ್ಟ್ಯಾಗ ಹಿಂಗ ಆಗೂದು ನಿಮಗ್ಯಾರಿಗೂ ಇಲ್ಲೇನು?"

"ಇಲ್ಲವ್ವಾ."

"ನಿನಗೂ ಇಲ್ಲ? ಮತ್ತ ನನಗಷ್ಟ ಯಾಕ? ನನಗೇನರ ಜಡ್ಡ ಐತೇನು?"

ಇಲ್ಲ ಎಂದು ತಲೆ ಸವರಿದೆ. ಅವಳು ನಂಬಲಿಲ್ಲ. ಆ ದಿನದಿಂದ ರೊಟ್ಟಿ ಕೇಳುವುದನ್ನು ಕಡಿಮೆ ಮಾಡಿದ್ದಾಳೆ. ಹೊಟ್ಟೆಯನ್ನು ಅಂಗೈಯಿಂದ ಒತ್ತಿಕೊಂಡು ಮೂಲೆಯಲ್ಲಿ ಕೂರುತ್ತಾಳೆ, ಯಾರಿಗೂ ಗೊತ್ತಾಗಬಾರದು ಎಂಬಂತೆ. ಸರಿಯಾಗಿರುವವಳು ಅವಳೊಬ್ಬಳೇ ಎಂದು ಐದು ವರ್ಷದ ಮಗುವಿಗೆ ಹೇಗೆ ಹೇಳುವುದು? ನಾನು ಎಂದೂ ಅನುಭವಿಸದ್ದರ ಬಗ್ಗೆ ಯಾವ ಬಾಯಿಂದ ಧೈರ್ಯ ಹೇಳಲಿ?

ಊರ ವಾಚನಾಲಯದಲ್ಲಿ ನಿಮ್ಮ ಕಾಲದ ಪುಸ್ತಕಗಳನ್ನು ಹುಡುಕಿದೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಯಾವುದು ಪಿತ್ತ, ಯಾವುದು ತಂಪು, ಎಲ್ಲ ಇದೆ. ಹಸಿವೆಂದರೆ ಹೇಗಿರುತ್ತದೆ ಎಂದು ಮಗುವಿಗೆ ತಿಳಿಯುವ ಹಾಗೆ ಬರೆದ ಒಂದು ಪುಟವೂ ನನಗೆ ಸಿಗಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆದಿಡುತ್ತಾರೆ!

ಈ ಪತ್ರ ನಿಮ್ಮ ಕಡೆಗೆ ಬರುವ ದಾರಿ ನನಗೆ ತಿಳಿಯದು. ಬಂದು ಮುಟ್ಟಿದರೆ, ಇಂದು ನಿಮಗೆ ಹಸಿವಾದಾಗ ಒಂದು ಗಳಿಗೆ ಸುಮ್ಮನೆ ಕೂತು ನೋಡಿ. ಅದು ಎಲ್ಲಿಂದ ಶುರುವಾಗುತ್ತದೆ, ಒಗ್ಗರಣೆಯ ವಾಸನೆ ಬಂದರೆ ಏನಾಗುತ್ತದೆ, ಮೊದಲ ತುತ್ತಿಗೆ ಹೇಗೆ ಇಳಿಯುತ್ತದೆ ಎಂದು ನಾಲ್ಕು ಸಾಲು ಬರೆದಿಡಿ. ಸಾಧ್ಯವಾದಷ್ಟು ಜನ ಬರೆಯಿರಿ. ದೊಡ್ಡ ಮಾತು ಬೇಡ, ಅವಳಿನ್ನೂ ಅಕ್ಷರ ಕೂಡಿಸಿಕೊಂಡು ಓದುವ ವಯಸ್ಸಿನವಳು. ತನ್ನ ಹಾಗೆಯೇ ಬಹಳ ಜನ ಇದ್ದರು ಎಂದು ಅವಳಿಗೆ ಗೊತ್ತಾದರೆ ಸಾಕು.

ನಿಮ್ಮ
ನಾಗಲಾಂಬಿಕೆ