ಇಸ್ತ್ರಿಯವನ ಬಾಯಿ

ಬುಧವಾರ, ಬೆಳಿಗ್ಗೆ

ಮಗಳೇ ಪುಟ್ಟಿ,

ನೀನು, ಅಳಿಯ, ಕೂಸು ಎಲ್ಲರೂ ಚೆನ್ನಾಗಿದ್ದೀರಿ ತಾನೇ? ಕರೆ ಎತ್ತಲಿಲ್ಲವೆಂದು ಮುನಿಸಿಕೊಳ್ಳಬೇಡ. ಫೋನನ್ನು ಹಾಸಿಗೆ ಕೆಳಗೆ ಹುದುಗಿಸಿಟ್ಟಿದ್ದೇನೆ. ಅದು ಗುಂಯ್ ಅಂದರೆ ಸಾಕು, ಮತ್ಯಾರು ಏನು ಬೈದು ಕಳಿಸಿದರೋ ಅನ್ನಿಸುತ್ತದೆ. ಅದಕ್ಕೇ ಈ ಕಾಗದ.

ನಿಮ್ಮಪ್ಪ ಇಸ್ತ್ರಿ ಮಾಡುವ ರೀತಿ ಗೊತ್ತಲ್ಲ. ಲೋಟದಿಂದ ಒಂದು ಗುಟುಕು ನೀರು ಬಾಯಿಗೆ ತುಂಬಿಕೊಂಡು ಬಟ್ಟೆ ಮೇಲೆ ಫುರ್ರೆಂದು ಸಿಂಪಡಿಸುತ್ತಾರೆ, ಮಂಜಿನಷ್ಟು ತೆಳ್ಳಗೆ. ಚಿಕ್ಕವಳಿದ್ದಾಗ ನೀನು ಮುಖವೊಡ್ಡಿ ಕೇಕೆ ಹಾಕುತ್ತಿದ್ದೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಲೋಟ ಕಾಣುವ ಭಾಗ ಕತ್ತರಿಸಿ, ‘ನಿಮ್ಮ ಬಟ್ಟೆಗೆ ಉಗುಳುವವನು’ ಎಂದು ಹರಿಬಿಟ್ಟರು. ಊರೆಲ್ಲ ನೋಡಿತು. ಅದರ ಕೆಳಗೇ ಹೊಸ ಕಂಪನಿಯ ಜಾಹೀರಾತು: ‘ಬಾಯಿ ಸೋಕದ ಇಸ್ತ್ರಿ, ನಿಮ್ಮ ಮನೆ ಬಾಗಿಲಿಗೆ.’ ಉರಿಯುವ ಮನೆಯಲ್ಲಿ ಗಳ ಹಿರಿಯುವ ಜನ!

ಮೇಷ್ಟರ ಹೆಂಡತಿ ಬಂದು ಬಟ್ಟೆ ಗಂಟು ವಾಪಸು ಕೇಳಿದಳು.

‘ಬರೀ ನೀರು ಕಣಮ್ಮಾ’ ಅಂದರು ಅಪ್ಪ.

‘ಇರಬಹುದಪ್ಪ. ಆದ್ರೆ ವಿಡಿಯೊ ನೋಡಿದ್ಮೇಲೆ ಮೈಗೆ ಹಾಕ್ಕೊಳ್ಳೋಕೆ ಮನಸ್ಸಾಗಲ್ಲ.’

ಎದುರಿಗೆ ನಿಂತ ಮನುಷ್ಯ ಸುಳ್ಳು, ಅಂಗೈಯೊಳಗಿನ ಗಾಜು ಸತ್ಯ! ಈ ಊರಿನ ಮಾನವನ್ನು ಸುಕ್ಕಿಲ್ಲದಂತೆ ಮಡಿಸಿ ಕೊಟ್ಟವರಿಗೆ ಸಿಕ್ಕ ಮರ್ಯಾದೆ ಇದು.

ನಿನ್ನೆ ಹುಡುಗರ ಹಿಂಡೊಂದು ಮೊಬೈಲ್ ಎತ್ತಿ ಹಿಡಿದೇ ಬಂತು. ‘ಏಯ್ ಮುದುಕ, ಕ್ಯಾಮೆರಾ ನೋಡ್ಕೊಂಡು ಉಗುಳಿದೆ ಅಂತ ಒಪ್ಕೋ. ಇಲ್ಲಾಂದ್ರೆ ನಾಳೆ ನಿನ್ನ ತಳ್ಳುಗಾಡಿ ಇರಲ್ಲ!’

‘ಬನ್ರೋ, ಇಲ್ಲೇ ಇರ್ತೀನಿ’ ಅಂದುಬಿಟ್ಟರು ಅಪ್ಪ. ‘ಇವನ ಸೊಕ್ಕು ನೋಡಿ’ ಅಂತ ಹುಡುಗರು ಅದನ್ನೂ ಹರಿಬಿಟ್ಟಿದ್ದಾರೆ.

ಈಗಷ್ಟೇ ಅಪ್ಪ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿಕೊಂಡು ಗಾಡಿಯ ಹತ್ತಿರ ಹೋದರು. ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಹೆದರಿಕೆ ಇದೆ, ಸುಳ್ಳೇಕೆ ಹೇಳಲಿ. ಹೆದರುತ್ತಲೇ ನಿಲ್ಲುತ್ತೇನೆ.

ಕೂಸಿಗೆ ಮುತ್ತು. ನಿನ್ನ ಸಂಸಾರ ತಣ್ಣಗಿರಲಿ. ಯಾರ ಕಣ್ಣೂ, ಯಾರ ಕ್ಯಾಮೆರಾವೂ ಅದಕ್ಕೆ ತಾಗದಿರಲಿ.

ನಿನ್ನ ಅಮ್ಮ

ಮರೆಯದೆ ಬರೆಯಬೇಕಾದ ಮಾತು: ಆ ವಿಡಿಯೊ ಅಪ್ಪನ ಫೋನಿಗೆ ಮೊದಲು ಬಂದದ್ದು ನಿನ್ನಿಂದ. ‘ಇಂಥವರಿಂದ ಹುಷಾರು’ ಎಂದು ಬರೆದು ನೆಂಟರಿಗೆಲ್ಲ ಕಳಿಸಿದ್ದೀಯ. ಅದರಲ್ಲಿ ಅಪ್ಪನ ಮುಖ ಅರ್ಧವೇ ಕಾಣುತ್ತದೆ, ನಿಜ. ‘ಅವಳನ್ನ ಕೇಳ್ಬೇಡ ಕಣೇ, ನೊಂದ್ಕೋತಾಳೆ’ ಅಂದರು ಅಪ್ಪ. ನಾನು ಕೇಳುತ್ತಿದ್ದೇನೆ. ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಕಳಿಸಿದೆಯೋ? ಆ ಹುಡುಗರೆದುರು ಹೇಗೋ ನಿಂತೇನು. ನಿನ್ನ ಉತ್ತರದೆದುರು ನಿಲ್ಲುವ ಧೈರ್ಯ ನನಗಿಲ್ಲ.