ಫಾರ್ಮ್ಯಾಟ್ ಮಾಡುವುದಿಲ್ಲ

ಜೂನ್ 3, ಬೆಳಿಗ್ಗೆ

ಕಂಪ್ಯೂಟರ್ ಆನ್ ಮಾಡಿ, ಬಟ್ಟೆ ಒಣಹಾಕಿ ಬಂದೆ. ಇನ್ನೂ ಚಕ್ರ ತಿರುಗುತ್ತಲೇ ಇತ್ತು. ಕಾಫಿ ಕುಡಿದು ಬಂದೆ... ಆಗ ಕಣ್ಣು ಬಿಟ್ಟಿತು. ಹೊಸ ಅಧ್ಯಾಯ ಓದಿ ರೆಕಾರ್ಡ್ ಮಾಡಿದೆ. ಕೇಳಿದರೆ ನನ್ನ ದನಿಯೇ ತೊದಲುತ್ತಿದೆ. ಮಧ್ಯೆ ತಾನಾಗಿ ತೆರೆದುಕೊಂಡ ಜಾಹೀರಾತಿನ ಹಾಡು ಬೇರೆ.

ಇದನ್ನು ವಕೀಲಮ್ಮನಿಗೆ ಯಾವ ಮುಖ ಹೊತ್ತು ಕೊಡಲಿ? ಪಕ್ಕದ ಮನೆ ಹುಡುಗಿ. ಇನ್ನೂ ಲಾ ಓದುತ್ತಿದ್ದಾಳೆ; ಅವಳು ವಾದಕ್ಕೆ ನಿಲ್ಲುವುದು ನೋಡಿ ನಾನಿಟ್ಟ ಹೆಸರು. ಅವಳಿಗೆ ಕಣ್ಣು ಕಾಣುವುದಿಲ್ಲ. ಪರೀಕ್ಷೆ ಹತ್ತಿರ. ಈ ಪುಸ್ತಕ ಅವಳ ಕಿವಿಗೆ ಬೀಳಬೇಕಾದರೆ ನಾನೇ ಓದಬೇಕು.

ಇವರು ಪೇಪರಿನಿಂದ ತಲೆ ಎತ್ತದೆ, "ಅದಕ್ಕೆ ವಯಸ್ಸಾಯ್ತು, ಬಿಟ್ಬಿಡು" ಎಂದರು.

ವಯಸ್ಸು ನನಗೂ ಆಗಿದೆ. ನನ್ನನ್ನೂ ಬಿಡುತ್ತಾರೇನೋ.

ಜೂನ್ 4

ಪರದೆ ತುಂಬ ಕೆಂಪು. ಕುಯ್ಯೋ ಎಂದು ಸೈರನ್. 'ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ.' ಗಾಬರಿಯಲ್ಲಿ ಮಾಡಿಯೇ ಬಿಟ್ಟೆ.

ಬೆಣ್ಣೆಯಂಥ ಮಾತು ಆ ಮನುಷ್ಯನದು. "ಗಾಬರಿ ಆಗ್ಬೇಡಿ ಮೇಡಂ. ನಿಮ್ಮ ಸ್ಕ್ರೀನ್ ನನಗೆ ಕಾಣ್ತಾ ಇದೆ, ತುಂಬಾ ವೈರಸ್ ಇದೆ. ಮನೇಲಿ ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಿ."

ಅಲ್ಲಿಗೆ ನನ್ನ ಗಾಬರಿ ಇಳಿದು ಪಿತ್ತ ಏರಿತು.

"ಸ್ಕ್ರೀನ್ ಕಾಣ್ತಿದ್ಯಾ? ಹಾಗಾದ್ರೆ ಈಗ ಅದರ ಮೇಲೆ ಏನು ಹೊದಿಸಿದೀನಿ ಹೇಳಿ ನೋಡೋಣ."

ಫೋನ್ ಕಟ್.

ಟವೆಲ್ ಹೊದಿಸಿದ್ದೆ. ಇಂಟರ್‌ನೆಟ್ ವೈರ್ ಕಿತ್ತೆ.

ಜೂನ್ 7

ವಕೀಲಮ್ಮ ಬಂದಳು. ನಾನು ಹಿಂದಿನ ಅಧ್ಯಾಯಗಳನ್ನು ಹಾಕಿ ಕೊಟ್ಟಿದ್ದ ಪೆನ್‌ಡ್ರೈವ್ ವಾಪಸ್ ತಂದಿದ್ದಳು. "ಆಂಟಿ, ಇದರಲ್ಲಿ ವೈರಸ್ ಇದೆ ಅಂತ ನನ್ನ ಲ್ಯಾಪ್‌ಟಾಪ್ ಬಡ್ಕೊಳ್ತಿದೆ. ನಿಮಗೆ ಕಷ್ಟ ಆದ್ರೆ ಬಿಡಿ, ಬೇರೆ ಯಾರನ್ನಾದ್ರೂ ಕೇಳ್ತೀನಿ."

ಬೇಜಾರಾಗದ ಹಾಗೆ ಹೇಳಿದಳು. ಅದಕ್ಕೇ ಹೆಚ್ಚು ಚುಚ್ಚಿತು.

ಸಂಜೆ ಮೈದುನ ಹಾಜರ್. ಎಲ್ಲ ಬಲ್ಲವ.

"ಅತ್ತಿಗೆ, ಸಿಕ್ಕಿದ್ದಲ್ಲೆಲ್ಲ ಒತ್ತಿರ್ತೀರಿ. ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಕ್ಲೀನ್."

"ನಾನು ಓದಿದ್ದು?"

"ಅದೂ ಹೋಗುತ್ತೆ. ಮತ್ತೆ ಓದಿ. ಓದೋದು ತಾನೆ?"

ಓದೋದು ತಾನೆ! ಬೇಸಿಗೆ ಪೂರ್ತಿ ಫ್ಯಾನ್ ಆರಿಸಿ, ಬೆವರು ಒರೆಸುತ್ತ, ಕೆಮ್ಮು ಬಂದರೆ ನುಂಗಿ ಓದಿದ್ದು.

"ಮುಟ್ಟಬೇಡ" ಎಂದೆ. ಇವರು ಟಿವಿ ಸೌಂಡ್ ಏರಿಸಿದರು. ಏರಿಸಲಿ.

ಜೂನ್ 8, ಮಧ್ಯಾಹ್ನ

ವಕೀಲಮ್ಮನನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲು ಸೇಫ್ ಮೋಡ್, ತೀರಾ ಬೇಕಾದ್ದಷ್ಟೇ ಏಳುವ ಹಾಗೆ. ಆಮೇಲೆ ಪರದೆ ಮೇಲಿನ ಪ್ರೋಗ್ರಾಂಗಳ ಹೆಸರನ್ನೆಲ್ಲ ನಾನು ಗಟ್ಟಿಯಾಗಿ ಓದುವುದು, ಇರಲಿ-ಹೋಗಲಿ ಎಂದು ಅವಳು ತೀರ್ಪು ಕೊಡುವುದು. ಒಂದರ ಹೆಸರು ವಿಚಿತ್ರವಾಗಿತ್ತು, ತೆಗೆಯಲು ಹೋದೆ. ಕೈ ಹಿಡಿದಳು.

"ತಡೀರಿ ಆಂಟಿ, ಅದು ಪ್ರಿಂಟರಿನದು. ಸಾಕ್ಷಿ ಇಲ್ಲದೆ ಯಾರನ್ನೂ ಗಲ್ಲಿಗೆ ಹಾಕಬಾರದು."

ನಕ್ಕು ನಕ್ಕು ಸಾಕಾಯಿತು. ಆಮೇಲೆ ಸಿಕ್ಕಿತು — ಸೂಪರ್ ಸ್ಪೀಡ್ ಬೂಸ್ಟರ್. ಅದರ ಹಿಂದೆಯೇ ಉಚಿತ ಮ್ಯಾಚ್ ತೋರಿಸುವ ಪ್ಲೇಯರ್ ಒಂದು. ತಾರೀಖು ನೋಡಿದರೆ ಎರಡೂ ಒಂದೇ ಭಾನುವಾರ ಬಂದು ಸೇರಿದ್ದು. ಅವತ್ತು ನಾನು ಅಕ್ಕನ ಜೊತೆ ಆಸ್ಪತ್ರೆಯಲ್ಲಿದ್ದೆ. ಈ ಕುರ್ಚಿಯಲ್ಲಿ ಯಾರು ಕೂತಿದ್ದರು? ಕೇಳುವುದೇ ಬೇಡ.

ಕಿತ್ತೆ. ರೀಸ್ಟಾರ್ಟ್ ಮಾಡಿದರೆ... ಮತ್ತೆ ಹಾಜರ್!

ಅಳು ಬಂತು. ಅತ್ತುಬಿಟ್ಟೆ. ಮುಖ ತೊಳೆದು ಬಂದು ಮತ್ತೆ ಕೂತೆ.

ಜೂನ್ 10

ಬೇರು ಸಿಕ್ಕಿತು. ಕಂಪ್ಯೂಟರ್ ಏಳುವಾಗ ತಾನೂ ಏಳುವಂತೆ ಒಳಗೆ ಆಜ್ಞೆ ಬರೆದಿಟ್ಟಿತ್ತು ಕಳ್ಳಬಡ್ಡಿಮಗನದು. ಅದನ್ನು ಅಳಿಸಿ, ಬೂಸ್ಟರನ್ನು ಕಿತ್ತು, ಬ್ರೌಸರಿಗೆ ಅಂಟಿಕೊಂಡಿದ್ದನ್ನೂ ಕೆರೆದು ತೆಗೆದೆವು. ವಕೀಲಮ್ಮನ ಲ್ಯಾಪ್‌ಟಾಪಿನಲ್ಲಿ ಇಳಿಸಿ ತಂದ, ವೈರಸ್ ಹುಡುಕುವ ಸ್ಕ್ಯಾನರ್ ಓಡಿಸಿದೆವು. ಪೆನ್‌ಡ್ರೈವಿಗೂ ಸ್ನಾನ. ನನ್ನ ರೆಕಾರ್ಡಿಂಗ್ ಒಂದೂ ಹೋಗಿಲ್ಲ. ಒಂದೂ!

ಊಟಕ್ಕೆ ಕೂತಾಗ ಮೈದುನನನ್ನು ಕೇಳಿದೆ. "ಸ್ಪೀಡ್ ಬೂಸ್ಟರ್ ಯಾರದಪ್ಪ?"

"ಅದು... ಮ್ಯಾಚ್ ನಿಂತು ನಿಂತು ಬರ್ತಿತ್ತು ಅತ್ತಿಗೆ. ಸ್ಪೀಡ್ ಆಗ್ಲಿ ಅಂತ..."

"ಹಾಗಾದ್ರೆ ಸಿಕ್ಕಿದ್ದಲ್ಲೆಲ್ಲ ಒತ್ತಿದ್ದು ನೀನು."

ಇವರು ತಮ್ಮನ ಕಡೆ ನೋಡಿದರು. "ಆಯ್ತು ಬಿಡೆ, ಊಟ ಮಾಡ್ಲಿ."

"ಮಾಡ್ಲಿ. ನಿಮ್ಮಿಬ್ಬರಿಗೂ ಕಂಪ್ಯೂಟರಿನಲ್ಲಿ ಬೇರೆ ಖಾತೆ ಮಾಡಿದೀನಿ. ಅದರಲ್ಲಿ ನೋಡಬಹುದು, ಏನೂ ಇನ್‌ಸ್ಟಾಲ್ ಮಾಡೋ ಹಾಗಿಲ್ಲ. ನನ್ನದರ ಪಾಸ್‌ವರ್ಡ್ ಕೇಳಬೇಡಿ."

"ನನಗೂ ಹೇಳಲ್ವಾ?"

"ನಿಮಗೂ."

ಅನ್ನ ರುಚಿಯಾಗಿತ್ತು.

ಜೂನ್ 29

ಪರೀಕ್ಷೆ ಮುಗಿಸಿ ವಕೀಲಮ್ಮ ಬಂದಿದ್ದಾಳೆ. ಚೆನ್ನಾಗಿ ಬರೆದಳಂತೆ. ಜೊತೆಗೆ ಒಬ್ಬ ಗೆಳತಿ, ಅವಳ ಕೈಯಲ್ಲೂ ಬಿಳಿ ಕೋಲು. "ಆಂಟಿ, ಇವಳು ಇತಿಹಾಸ ಓದ್ತಾಳೆ. ಇವಳಿಗೂ ಓದ್ತೀರಾ?"

ಇವರು ಹಾಲ್‌ನಿಂದಲೇ, "ಇದೇನು ಮನೆಯೋ ಸ್ಟುಡಿಯೋನೋ?"

"ಮಧ್ಯಾಹ್ನ ಸ್ಟುಡಿಯೋ. ಟಿವಿ ಸೌಂಡ್ ಕಮ್ಮಿ ಮಾಡಿ."

ಮಾಡಿದರು.

"ಇನ್ನೂ ಚೂರು."

ಮಾಡಿದರು! ದಪ್ಪ ಪುಸ್ತಕ, ಅಕ್ಷರ ಸಣ್ಣ. ಕನ್ನಡಕ ಒರೆಸಿಕೊಂಡೆ. ಇನ್ನು ಬರೆಯಲು ಪುರುಸೊತ್ತಿಲ್ಲ, ಹುಡುಗಿಯರು ಕಾಯು—